ಭಾವನ ಮಾತು, ಮತ್ತೆ ಮೊದಲಿಂದ

ನಮ್ಮ ಭಾವನಿಗೆ ಕಾಫಿ ಮಾಡಲು ಬರುವುದಿಲ್ಲ ಎಂದು ಯಾರಾದರೂ ಹೇಳಿದರೆ ದಯವಿಟ್ಟು ನಂಬಬೇಡಿ. ತುಂಬಾ ಚೆನ್ನಾಗಿ ಬರುತ್ತದೆ. ಒಂದೇ ಲೋಟ ಕಾಫಿಯನ್ನು ಅವರು ಒಂದೇ ಬೆಳಿಗ್ಗೆ ಆರು ಸಲ ಮಾಡಬಲ್ಲರು! ಕುಡಿಯಲು ಸಿಗುವುದು ಮಾತ್ರ ಒಂದು ಲೋಟ, ಅದೂ ಆರನೆಯ ಸಲ ಯಾರೂ ಅವರನ್ನು ಮಾತಾಡಿಸದೆ ಇದ್ದರೆ.

ವಿಷಯ ಇಷ್ಟೇ. ಭಾವ ಒಂದು ಕೆಲಸ ಹಿಡಿದಾಗ ಮಧ್ಯೆ ಯಾರಾದರೂ ಕರೆದರೆ, ಆ ಕೆಲಸವನ್ನು ಅವರು ಬಿಟ್ಟ ಜಾಗದಿಂದ ಮುಂದುವರಿಸುವುದಿಲ್ಲ. ಮೊದಲಿಂದ ಶುರು ಮಾಡುತ್ತಾರೆ. ಲೋಟಕ್ಕೆ ಡಿಕಾಕ್ಷನ್ ಹಾಕಿಕೊಂಡು ಹಾಲಿನ ಪಾತ್ರೆಗೆ ಕೈ ಹಾಕುವ ಹೊತ್ತಿಗೆ ನಮ್ಮಕ್ಕ ಹಿತ್ತಲಿಂದ "ರೀ, ಮೋಟರ್ ಆಫ್ ಮಾಡಿದ್ರಾ?" ಎಂದಳೆನ್ನಿ. ಭಾವ ಹೋಗಿ ಮೋಟರ್ ಆರಿಸಿ ಬರುತ್ತಾರೆ. ಬಂದವರು ಲೋಟದ ಡಿಕಾಕ್ಷನ್ನನ್ನು ವಾಪಸ್ಸು ಫಿಲ್ಟರಿಗೆ ಸುರಿದು, ಲೋಟ ತೊಳೆದು, ಒರೆಸಿ, ಮತ್ತೆ ಅದಕ್ಕೇ ಡಿಕಾಕ್ಷನ್ ಹಾಕಿಕೊಳ್ಳುತ್ತಾರೆ! ಅರ್ಧ ಆದ ಕೆಲಸವನ್ನು ಆಗಲೇ ಇಲ್ಲ ಎಂದು ತಿಳಿಯಬೇಕು ಎನ್ನುವುದು ಅವರ ಸಿದ್ಧಾಂತ. ಗಡ್ಡದ ವಿಷಯದಲ್ಲಿ ಈ ಸಿದ್ಧಾಂತ ಹೇಗೆ ನಡೆಯುತ್ತದೆ, ಬೋಳಿಸಿದ್ದನ್ನು ಮತ್ತೆ ಅಂಟಿಸಲಾಗುತ್ತದೆಯೇ ಎಂದು ನಾನೊಮ್ಮೆ ಕೆಣಕಿದ್ದೆ. ಭಾವ ನುಣ್ಣಗಾಗಿದ್ದ ಕೆನ್ನೆಗೆ ಮತ್ತೆ ನೊರೆ ಹಚ್ಚಿ, ಮೊದಲಿಂದ ರೇಜರ್ ಆಡಿಸಿ ತೋರಿಸಿದರು.

ಭಾವ ಕಂಪ್ಯೂಟರ್ ಇಂಜಿನಿಯರು. ಹೆಬ್ಬಾಳದ ಹತ್ತಿರದ ಒಂದು ಕಂಪನಿಯಲ್ಲಿ ಕೆಲಸ, ಯಲಹಂಕ ನ್ಯೂಟೌನಿನಲ್ಲಿ ಮನೆ. ಕಂಪ್ಯೂಟರಿನ ಹೊಟ್ಟೆಯೊಳಗೆ ಕರ್ನಲ್ ಎಂಬ ಯಜಮಾನನೊಬ್ಬ ಇರುತ್ತಾನಂತೆ, ಅವನ ಜೊತೆ ಇವರ ವ್ಯವಹಾರ. ಹಾಗೆಂದರೇನು ಎಂದು ಈಗಲೇ ಗಾಬರಿಯಾಗಬೇಡಿ. ಅಕ್ಕನ ಬೀದಿಯಲ್ಲಿ ಮೊಳ ಹಾಕಿ ಹೂ ಮಾರುವವಳಿಗೂ ಅದು ಗೊತ್ತು. ನಿಮಗೆ ಗೊತ್ತಾಗದೇ ಇರುತ್ತದೆಯೇ?

ಇನ್ನು ನಮ್ಮ ವಿಷಯ. ನಮ್ಮ ತವರಿನಲ್ಲಿ ಎಲ್ಲರೂ ಮಾತಿನ ಮಲ್ಲರು. ಅಮ್ಮನಿಗೆ ಎಪ್ಪತ್ತೆಂಟು, ಅಕ್ಕನ ಮನೆಯಲ್ಲೇ ಇದ್ದಾಳೆ, ಟೀವಿಯಲ್ಲಿ ವಾರ್ತೆ ಓದುವವಳಿಗೂ ಮಾತಾಡಲು ಬಿಡುವುದಿಲ್ಲ. ಚಿಕ್ಕಬಾಣಾವರದಲ್ಲಿರುವ ಸೋದರಮಾವ ರೈಲು ನಿಲ್ದಾಣದಲ್ಲಿ ಮೂವತ್ತು ವರ್ಷ ಅನೌನ್ಸ್‌ಮೆಂಟ್ ಮಾಡಿ ನಿವೃತ್ತರಾದವರು. ಅವರು "ಉಪ್ಪು ಕೊಡಮ್ಮ" ಎಂದರೆ ಯಾವ ಪ್ಲಾಟ್‌ಫಾರ್ಮಿಗೆ ಎಂದು ಕೇಳಬೇಕೆನಿಸುತ್ತದೆ. ಅಕ್ಕ ಒಂದೇ ಉಸಿರಿನಲ್ಲಿ ಮೂವರಿಗೆ ಮೂರು ಕೆಲಸ ಹೇಳುತ್ತಾಳೆ. ನಾನು ಆರ್.ಟಿ. ನಗರದ ಹೈಸ್ಕೂಲಿನಲ್ಲಿ ಇಪ್ಪತ್ತು ವರ್ಷದಿಂದ ಪಾಠ ಮಾಡುತ್ತಿದ್ದೇನೆ, ನನ್ನ ಬಗ್ಗೆ ಬೇರೆ ಹೇಳಬೇಕಾಗಿಲ್ಲ. ಇಂಥ ಮನೆಗೆ ಅಳಿಯನಾಗಿ ಬಂದ ಭಾವನಿಗೆ ಚಿಕ್ಕಂದಿನಿಂದ ಉಗ್ಗು. ಒಂದು ಅಕ್ಷರದ ಮೇಲೆ ನಾಲಿಗೆ ನಿಂತರೆ ನಿಂತೇಬಿಡುತ್ತದೆ.

ಹಾಗೆ ನಿಂತಾಗ ನಾವು ಸುಮ್ಮನಿರುತ್ತೇವೆಯೇ? ಅವರ ಮಾತನ್ನು ನಾವೇ ಮುಗಿಸಿಕೊಡುತ್ತೇವೆ! ಇದನ್ನು ನಾವು ಒಂದು ಸೇವೆ ಎಂದೇ ತಿಳಿದಿದ್ದೆವು. ಮದುವೆಯಾದ ಹೊಸತರಲ್ಲಿ ಊಟಕ್ಕೆ ಕೂತಾಗ ಭಾವ ತಟ್ಟೆಗೆ ಕೈ ಅಡ್ಡ ಹಿಡಿದು "ಸಾ..." ಎಂದರು. "ಸಾರಾ?" ಎಂದು ಅಮ್ಮ ಒಂದು ಸೌಟು ಸುರಿದಳು. "ಅಲ್ಲಮ್ಮ, ಸಾಂಬಾರ್ ಕೇಳ್ತಿದಾರೆ" ಎಂದು ಅಕ್ಕ ಎರಡು ಸೌಟು ಸುರಿದಳು. ಪಾಪ, ಅವರು ಹೇಳಹೊರಟದ್ದು "ಸಾಕು" ಎಂದು! ಭಾವ ತಲೆ ಬಗ್ಗಿಸಿಕೊಂಡು ಎಲ್ಲವನ್ನೂ ತಿಂದರು. ಮದುವೆಯಾದ ಒಂದು ವರ್ಷದಲ್ಲಿ ಅವರು ದಪ್ಪಗಾದದ್ದಕ್ಕೆ ಅಮ್ಮ ತನ್ನ ಕೈರುಚಿಯೇ ಕಾರಣ ಎಂದು ಈಗಲೂ ಹೇಳಿಕೊಳ್ಳುತ್ತಾಳೆ.

ಹೀಗೆ ಎಲ್ಲವನ್ನೂ ಸಹಿಸಿಕೊಂಡಿದ್ದ ಭಾವ, ಮೊನ್ನೆ ಮೊನ್ನೆ ಒಂದು ಭಾನುವಾರ ಊಟದ ಮೇಜಿನ ಮೇಲೆ ಕ್ರಾಂತಿ ಮಾಡಿಬಿಟ್ಟರು.

ಅಕ್ಕನ ಮನೆಯ ಊಟದ ಮೇಜಿಗೆ ಆರು ಕುರ್ಚಿ. ಭಾನುವಾರ ಬಂದುಹೋಗುವ ನೆಂಟರಿಷ್ಟರು ಹನ್ನೆರಡು ಜನವಾದರೂ ಆಗುತ್ತಾರೆ. ಅಕ್ಕ ಮಧ್ಯೆ ನಿಂತು "ನೀನು ಏಳು, ಮಾವ ಕೂತ್ಕೊಳ್ಳಲಿ. ಮಾವ, ನೀವು ಆ ಕಡೆ ಜರುಗಿ, ಫ್ಯಾನ್ ಗಾಳಿ ಬರುತ್ತೆ" ಎಂದು ಎಲ್ಲರನ್ನೂ ಎಬ್ಬಿಸುತ್ತ, ಕೂರಿಸುತ್ತ ಇರುತ್ತಾಳೆ. ತುಪ್ಪದ ಬಟ್ಟಲು ಮಾತ್ರ ಒಂದೇ. ಅದು ಅಮ್ಮನ ಹತ್ತಿರ ಇದ್ದರೆ ಮಾವ ಕಾಯಬೇಕು, ಮಾವನ ಹತ್ತಿರ ಹೋದರೆ ಉಳಿದವರು ಆಸೆಯನ್ನೇ ಬಿಡಬೇಕು. ಆ ಭಾನುವಾರ ನಾವು ಊಟಕ್ಕೆ ಬಂದು ನೋಡುತ್ತೇವೆ, ಮೇಜಿನ ಮೇಲೆ ಆರು ತುಪ್ಪದ ಬಟ್ಟಲು! ಒಂದೊಂದು ಕುರ್ಚಿಯ ಎದುರಿಗೆ ಒಂದೊಂದು, ಒಂದೊಂದಕ್ಕೂ ಒಂದೊಂದು ಚಮಚ.

"ಇದೇನ್ರೀ ಅಳಿಯಂದ್ರೇ, ತುಪ್ಪದ ಅಂಗಡಿ ಇಟ್ಟಿದೀರಾ?" ಎಂದಳು ಅಮ್ಮ.

ನಮಗೆ ಆಮೇಲೆ ತಿಳಿದದ್ದು, ಅವರ ಆಫೀಸಿನ ಕಷ್ಟವೂ ಇದೇ ಎಂದು. ಕಂಪ್ಯೂಟರಿನ ಪ್ರೊಸೆಸರುಗಳು ನಮ್ಮ ಕುರ್ಚಿಗಳಿದ್ದ ಹಾಗೆ, ಎಣಿಸಿದಷ್ಟೇ ಇರುತ್ತವೆ. ಕೆಲಸ ಮಾಡಲು ಬರುವ ಪ್ರೋಗ್ರಾಮುಗಳ ಮಂದಿ ಸಾವಿರಾರು. ಕರ್ನಲ್ ಎಂದರೆ ನಮ್ಮಕ್ಕ. ಯಾರು ಯಾವ ಕುರ್ಚಿಯಲ್ಲಿ ಎಷ್ಟು ಹೊತ್ತು ಕೂರಬೇಕು, ಯಾರು ಏಳಬೇಕು ಎನ್ನುವುದೆಲ್ಲ ಅವಳ ಮರ್ಜಿ. ಎಲ್ಲರಿಗೂ ಒಂದೇ ಬಟ್ಟಲು ಇಟ್ಟರೆ ಕಾದು ಕಾದು ಅನ್ನ ಆರುತ್ತದೆ. ತಲೆಗೊಂದು ಬಟ್ಟಲು ಇಡೋಣವೆಂದರೆ ಬಂದುಹೋಗುವ ಸಾವಿರ ಜನಕ್ಕೆ ಸಾವಿರ ಬಟ್ಟಲು ಎಲ್ಲಿಂದ ತರುವುದು? ಆದ್ದರಿಂದ ಕುರ್ಚಿಗೊಂದು ಇಡಬೇಕು. ಯಾರು ಕೂತರೋ ಅವರದು. ಕೇಳಿದಿರಾ, ಎಷ್ಟು ಸುಲಭ!

ಆದರೆ ಆ ಭಾನುವಾರವೇ ಅದರ ತೊಡಕೂ ಗೊತ್ತಾಯಿತು. ಮಾವ ಒಂದನೆಯ ಕುರ್ಚಿಯ ಬಟ್ಟಲಿಂದ ಚಮಚ ತುಂಬಿ ಎತ್ತಿದ್ದರು. ಅಷ್ಟರಲ್ಲಿ ಅಕ್ಕ "ಮಾವ, ಆ ಕಡೆ ಜರುಗಿ" ಎಂದಳು. ಮಾವ ಚಮಚದ ಸಮೇತ ನಾಲ್ಕನೆಯ ಕುರ್ಚಿಗೆ ಹೋದರು. ಒಂದನೆಯ ಕುರ್ಚಿಗೆ ಬಂದ ಅಮ್ಮ ತನ್ನ ಚಮಚ ಎಲ್ಲಿ ಎಂದು ನೋಡುತ್ತಾಳೆ, ಮಾವನ ಕೈಯಲ್ಲಿದೆ! ಅವಳು ಕೈ ಚಾಚಿ ಎಳೆದಳು, ಮಾವ ಬಿಡಲಿಲ್ಲ. ತುಪ್ಪವೆಲ್ಲ ಮಾವನ ಜರಿ ಪಂಚೆಯ ಮೇಲೆ ಬಿತ್ತು. ಬೇರೆ ಯಾರಾದರೂ ಆಗಿದ್ದರೆ ಪಂಚೆ ಒರೆಸಲು ಬಟ್ಟೆ ತರುತ್ತಿದ್ದರು. ನಮ್ಮ ಭಾವ ಎದ್ದುನಿಂತು ಚಪ್ಪಾಳೆ ತಟ್ಟಿದರು!

"ಇ... ಇದೇ! ಇದೇ ನನ್ನ ಪ್ರಾಬ್ಲಂ!"

"ನನ್ನ ಪಂಚೆ ಹಾಳಾಗಿದೆ, ಪ್ರಾಬ್ಲಂ ನಿಮ್ದಾ?" ಎಂದರು ಮಾವ.

ಕರ್ನಲ್ಲೇ ಇದಕ್ಕೆ ಒಂದು ಉಪಾಯ ಒದಗಿಸಿದೆಯಂತೆ. ಅದನ್ನು ಭಾವ ನಮಗೆ ಚಮಚ ಹಿಡಿದೇ ತೋರಿಸಿದರು. ಯಾವ ಕುರ್ಚಿ ಎಂದು ನೋಡು, ಆ ಕುರ್ಚಿಯ ಬಟ್ಟಲಿಗೆ ಚಮಚ ಅದ್ದು, ಎತ್ತು, ಅನ್ನದ ಮೇಲೆ ಸುರಿ. ನಾಲ್ಕೇ ಹೆಜ್ಜೆ. ಲೆಕ್ಕಕ್ಕೆ ಬರುವುದು ಕೊನೆಯ ಹೆಜ್ಜೆ ಮಾತ್ರ. ಅದಕ್ಕೆ ಮುಂಚೆ ಅಕ್ಕ ಎಬ್ಬಿಸಿದಳೋ, ಚಮಚ ಅಲ್ಲೇ ಬಿಟ್ಟು ಏಳಬೇಕು. ಮತ್ತೆ ಕೂತಾಗ ಎಲ್ಲಿಗೆ ಬಂದಿದ್ದೆ ಎಂದು ಯೋಚಿಸಬಾರದು, "ಯಾವ ಕುರ್ಚಿ?" ಎನ್ನುವುದರಿಂದಲೇ ಶುರು ಮಾಡಬೇಕು. ನೀನು ಮರೆತರೂ ಕರ್ನಲ್ಲೇ ನಿನ್ನನ್ನು ಮೊದಲ ಹೆಜ್ಜೆಗೆ ತಂದು ನಿಲ್ಲಿಸುತ್ತದೆ. ಬೈಯುವುದಿಲ್ಲ, ಸಾಲಿನಲ್ಲಿ ಕಾಯಿಸುವುದಿಲ್ಲ. ಮೊದಲಿಂದ ಮಾಡಪ್ಪಾ, ಅಷ್ಟೇ. ಭಾವನ ಕಾಫಿಯ ಗುಟ್ಟು ನನಗೆ ಅವತ್ತು ಹೊಳೆಯಿತು. ಈ ಮನುಷ್ಯ ಆಫೀಸನ್ನು ಮನೆಗೆ ತಂದಿದ್ದರೋ, ಮನೆಯನ್ನೇ ಆಫೀಸಿಗೆ ಒಯ್ದಿದ್ದರೋ ದೇವರಿಗೇ ಗೊತ್ತು.

ಈ ಉಪಾಯವನ್ನು ಅವರು ಕಂಪನಿಯ ಪ್ರೋಗ್ರಾಮಿನಲ್ಲಿ ಅಳವಡಿಸಿದರು. ಕುಂಟುತ್ತಿದ್ದದ್ದು ಓಡತೊಡಗಿತಂತೆ. ಕಂಪನಿಯವರಿಗೆ ಖುಷಿಯೋ ಖುಷಿ. ಅಲ್ಲಿ ಪ್ರತಿ ನವೆಂಬರಿನಲ್ಲಿ ರಾಜ್ಯೋತ್ಸವ ಮಾಡುತ್ತಾರೆ. ಹಳದಿ ಕೆಂಪು ಶಾಲು, ಡೊಳ್ಳು, ಹಾಡು, ಹೋಳಿಗೆ ಊಟ, ಮನೆಯವರಿಗೂ ಆಹ್ವಾನ. ಈ ಸಲ ಅದರ ಜೊತೆಗೆ, ಯಾರಾದರೂ ಒಬ್ಬರು ತಮ್ಮ ಕೆಲಸವನ್ನು ಮನೆಯವರಿಗೂ ತಿಳಿಯುವ ಹಾಗೆ ಕನ್ನಡದಲ್ಲಿ ಇಪ್ಪತ್ತು ನಿಮಿಷ ಹೇಳಬೇಕು ಎಂದು ಗೊತ್ತುಮಾಡಿದರು. ಆರಿಸಿದ್ದು ಭಾವನ ಕೆಲಸವನ್ನು! ಆದರೆ ಭಾವನನ್ನಲ್ಲ.

ಅವರ ಮ್ಯಾನೇಜರ್ ವಯಸ್ಸಿನಲ್ಲಿ ಅವರಿಗಿಂತ ಎಷ್ಟೋ ಚಿಕ್ಕವಳು, ಒಳ್ಳೆಯವಳೇ. "ಸರ್, ನೀವು ಬರ್ಕೊಟ್ರೆ ಸಾಕು. ಸ್ಟೇಜ್ ಮೇಲೆ ಬೇರೆಯವ್ರು ಹೇಳ್ತಾರೆ. ನಿಮಗ್ಯಾಕೆ ಸುಮ್ನೆ ಟೆನ್ಷನ್?" ಎಂದಳಂತೆ. ಆ ಬೇರೆಯವರೆಂದರೆ, ಕಂಪನಿಯ ಎಲ್ಲ ಕಾರ್ಯಕ್ರಮಗಳಿಗೂ ನಿರೂಪಣೆ ಮಾಡುವ ಒಬ್ಬ ಸಹೋದ್ಯೋಗಿ. ಮೈಕು ಹಿಡಿದರೆ ಕೇಳುವವರು ಕರಗಿಹೋಗುವಂಥ ಕಂಠ. ಭಾವ "ನಾನೇ ಹೇಳ್ತೀನಿ" ಎನ್ನಲು ಹೊರಟು "ನಾ"ದ ಮೇಲೆ ನಿಂತರು. ಅವಳು "ನಾಳೆ ಹೇಳ್ತೀರಾ? ಓಕೆ ಸರ್, ಟೈಮ್ ತಗೊಳ್ಳಿ" ಎಂದು ಎದ್ದುಹೋದಳು. ನೋಡಿ, ಸೇವೆ ಮಾಡುವವರು ನಮ್ಮ ಮನೆಯಲ್ಲಷ್ಟೇ ಇಲ್ಲ!

ಭಾವ ತಮ್ಮ ಜಾಗಕ್ಕೆ ಹೋಗಿ ಅವಳಿಗೆ ಒಂದು ಮೇಲ್ ಕಳಿಸಿದರು. ಅದರಲ್ಲಿ ಇದ್ದದ್ದು ಒಂದೇ ಪದ: "ನಾನೇ."

ಅವಳು ಒಪ್ಪಿದಳು, ಆದರೆ ಒಂದು ಷರತ್ತು ಹಾಕಿದಳು. ನಿರೂಪಕರು ಪಕ್ಕದಲ್ಲೇ ಭಾಷಣದ ಪ್ರತಿ ಹಿಡಿದು ಕೂತಿರುತ್ತಾರೆ. ಭಾವ ತೀರಾ ನಿಂತುಹೋದರೆ ಅವರು ಎದ್ದು ಮುಂದುವರಿಸುತ್ತಾರೆ, ಭಾವ ಕೂತುಬಿಡಬೇಕು. ಮನೆಗೆ ಬಂದು ಇದನ್ನು ಹೇಳಿದಾಗ ಅಕ್ಕ ತಲೆ ಚಚ್ಚಿಕೊಂಡಳು. "ಯಾಕ್ರೀ ಬೇಕಿತ್ತು ನಿಮಗೆ? ಎಲ್ಲರ ಮುಂದೆ..."

ಭಾವ ಆಗ ಒಂದು ಮಾತು ಹೇಳಿದರು. ನಿಧಾನವಾಗಿ, ನಾಲ್ಕು ಕಡೆ ನಿಂತು. "ಇಷ್ಟು ವರ್ಷ ಕೆಲಸ ನಂದು, ಮಾತು ಇನ್ನೊಬ್ಬರದು. ಈ ಒಂದ್ಸಲ ಎರಡೂ ನಂದೇ ಆಗ್ಲಿ ಅಂತ."

ಆ ಮಾತು ಪೂರ್ತಿ ಕೇಳಿಸಿದ್ದು ಹೇಗೆ ಗೊತ್ತೇ? ಅಮ್ಮನ ಬಾಯಿ ತುಂಬ ಎಲೆ ಅಡಿಕೆ ಇತ್ತು, ಮಾವ ಹಲ್ಲಿನ ಸೆಟ್ಟು ತೊಳೆಯಲು ಹೋಗಿದ್ದರು, ನನಗೆ ಬಿಕ್ಕಳಿಕೆ ಬಂದಿತ್ತು! ಇಲ್ಲದಿದ್ದರೆ ಅದನ್ನೂ ನಾವೇ ಮುಗಿಸಿರುತ್ತಿದ್ದೆವು. ಕೇಳಿದ ಮೇಲೆ ಮಾತ್ರ ನನಗೆ ಬಿಕ್ಕಳಿಕೆಯೂ ನಿಂತುಹೋಯಿತು.

ಮುಂದಿನ ಭಾನುವಾರದಿಂದ ಅಭ್ಯಾಸ ಶುರುವಾಯಿತು. ಸಭಿಕರು ನಾವೇ. ಭಾವ ಫ್ರಿಜ್ಜಿನ ಪಕ್ಕ ನಿಂತರು. ಕಾನೂನು ಒಂದೇ: ಯಾರು ಮಧ್ಯೆ ಬಾಯಿ ಹಾಕಿದರೂ ಭಾಷಣ ಮೊದಲಿಂದ.

"ಎಲ್ಲರಿಗೂ ನಮಸ್ಕಾರ. ಒಂದು ಊಟದ ಮೇಜು ಇದೆ ಅಂತ ತಿಳ್ಕೊಳ್ಳಿ."

"ಯಾವ ಮೇಜು, ಇದೇನಾ?" ಎಂದಳು ಅಮ್ಮ.

"ಎಲ್ಲರಿಗೂ ನಮಸ್ಕಾರ. ಒಂದು ಊಟದ ಮೇಜು ಇದೆ ಅಂತ ತಿಳ್ಕೊಳ್ಳಿ. ಅದಕ್ಕೆ ಆ... ಆ..."

"ಆರು ಕುರ್ಚಿ!" ಎಂದು ಮಾವ ನಾಲ್ಕು ಮನೆಗೆ ಕೇಳುವಂತೆ ಘೋಷಿಸಿದರು.

"ಎಲ್ಲರಿಗೂ ನಮಸ್ಕಾರ."

"ಸುಮ್ನಿರಿ ಮಾವ!" ಎಂದೆ ನಾನು.

"ಎಲ್ಲರಿಗೂ ನಮಸ್ಕಾರ."

ಆ ದಿನ ನಮಗೆ ಎಷ್ಟು ಸಲ ನಮಸ್ಕಾರ ಬಿತ್ತೋ ಲೆಕ್ಕವಿಲ್ಲ. ಸಿಲಿಂಡರಿನವನು ಬಂದು ಬಾಗಿಲು ಬಡಿದ, ಮೊದಲಿಂದ. ಕುಕ್ಕರ್ ಕೂಗಿತು. ಕುಕ್ಕರ್ ಲೆಕ್ಕಕ್ಕಿಲ್ಲ ಎಂದು ನಾವು ವಾದಿಸಿದೆವು. ಭಾವ ಒಪ್ಪಲಿಲ್ಲ. ಕರ್ನಲ್ಲಿನ ನಿಯಮದಲ್ಲಿ ಹೊರಗಿಂದ ಸಿಗ್ನಲ್ ಎಂಬ ಕೂಗು ಬಂದರೂ ಮೊದಲಿಂದಲೇ ಮಾಡಬೇಕಂತೆ! ಮೂರು ಸಲ ಕೂಗಿದ ಮೇಲೆ ಅಕ್ಕ ಹೋಗಿ ಒಲೆ ಆರಿಸಿದಳು. ಅವತ್ತು ನಾವು ತಿಂದದ್ದು ಅರೆಬೆಂದ ಬೇಳೆಯ ಸಾರು. ಹೂವಿನವಳು ಬಾಗಿಲಲ್ಲಿ ನಿಂತು ನೋಡಿ ನೋಡಿ ಕೊನೆಗೆ, "ಅಣ್ಣಾವ್ರಿಗೆ ಇಂಗೆ ಒಂದೇ ಏಟ್ಗೆ ಅಷ್ಟುದ್ದ ಯೋಳಕ್ಕಾಗಾಕಿಲ್ಲ ಕಣಕ್ಕ. ಮಾಲೆನಾ ಯಾರಾನಾ ಮಾರುದ್ದ ಕಟ್ಟಿ ಆಮ್ಯಾಕೆ ಗಂಟು ಆಕ್ತಾರಾ? ನಾಕು ಊವಿಗೆ ಒಂದು ಗಂಟು" ಎಂದಳು.

ಭಾವ ನಿಂತಲ್ಲೇ ನಿಂತುಬಿಟ್ಟರು. ಹಣೆ ಬಡಿದುಕೊಂಡರು. ಇಂಜಿನಿಯರಾಗಿ ಮಾಡಬಾರದ ತಪ್ಪನ್ನೇ ಅವರು ಮಾಡಿದ್ದರು! ಮೊದಲಿಂದ ಮಾಡುವ ಕೆಲಸ ಯಾವತ್ತೂ ಚಿಕ್ಕದಾಗಿರಬೇಕಂತೆ. ನಾಲ್ಕೇ ಹೆಜ್ಜೆಯದಾದರೆ ಮಧ್ಯೆ ಬೀಳುವವರೂ ಕಡಿಮೆ, ಬಿದ್ದರೂ ನಷ್ಟ ಕಡಿಮೆ. ಇಪ್ಪತ್ತು ನಿಮಿಷದ್ದನ್ನು ಒಂದೇ ಎಂದು ಹಿಡಿದರೆ, ಅದೂ ನಮ್ಮ ಮನೆಯಲ್ಲಿ, ಈ ಜನ್ಮಕ್ಕೆ ಮುಗಿಯುತ್ತದೆಯೇ?

ಅವರು ಭಾಷಣವನ್ನು ಇಪ್ಪತ್ತು ತುಂಡು ಮಾಡಿದರು. ಒಂದೊಂದು ತುಂಡಿಗೆ ನಾಲ್ಕೈದು ವಾಕ್ಯ. ಚೌಕಾಬಾರದ ಡಬ್ಬಿಯಿಂದ ಇಪ್ಪತ್ತು ಹುಣಸೆಬೀಜ ತೆಗೆದು ಎಡಗಡೆಯ ಜೇಬಿಗೆ ಹಾಕಿಕೊಂಡರು. ಒಂದು ತುಂಡು ಮುಗಿದರೆ ಒಂದು ಬೀಜ ಬಲಗಡೆಯ ಜೇಬಿಗೆ ಹೋಗುತ್ತದೆ. ಹೋದ ಬೀಜ ಹೋದದ್ದೇ, ಯಾರು ಕೂಗಿದರೂ ವಾಪಸ್ಸು ಬರುವುದಿಲ್ಲ. ಮಧ್ಯೆ ಯಾರಾದರೂ ಬಾಯಿ ಹಾಕಿದರೆ ಆ ತುಂಡು ಮಾತ್ರ ಮೊದಲಿಂದ. ನಾಲ್ಕು ಭಾನುವಾರ ಹೀಗೆ ನಡೆಯಿತು. ಭಾವನಿಗಿಂತ ಮುಂಚೆ ನಮಗೆಲ್ಲ ಭಾಷಣ ಬಾಯಿಪಾಠವಾಯಿತು. ಅಮ್ಮ ದೇವರ ಮುಂದೆ ಕೂತು ಸ್ತೋತ್ರದ ಜೊತೆಗೆ "ಲೆಕ್ಕಕ್ಕೆ ಬರುವುದು ಕೊನೆಯ ಹೆಜ್ಜೆ ಮಾತ್ರ" ಎಂದೂ ಹೇಳಿಕೊಳ್ಳುವುದನ್ನು ನಾನೇ ಕೇಳಿದ್ದೇನೆ.

ರಾಜ್ಯೋತ್ಸವದ ದಿನ ಬಂತು. ಕಂಪನಿಯ ಸಭಾಂಗಣ ತುಂಬ ಜನ. ನಾವು ಮುಂದಿನ ಸಾಲಿನಲ್ಲೇ ಕೂತೆವು. ಮಾವ ಪಂಚೆ ಉಟ್ಟು ಬಂದಿದ್ದರು, ಬೇರೆ ಪಂಚೆ. ವೇದಿಕೆಯ ಮೇಲೆ ಭಾವ ಬಿಳಿ ಶರ್ಟಿನ ಮೇಲೆ ಹಳದಿ ಕೆಂಪು ಶಾಲು ಹೊದ್ದು ನಿಂತಿದ್ದರು. ಪಕ್ಕದ ಕುರ್ಚಿಯಲ್ಲಿ ನಿರೂಪಕರು, ತೊಡೆಯ ಮೇಲೆ ಭಾಷಣದ ಪ್ರತಿ, ಕೈಯಲ್ಲಿ ಇನ್ನೊಂದು ಮೈಕು. ಆ ಮೈಕನ್ನು ನೋಡಿ ನಾನು ಕಣ್ಣು ಮುಚ್ಚಿ ಕೈಮುಗಿದೆ. ದೇವರೇ, ಒಂದು ಸಲ, ಒಂದೇ ಒಂದು ಸಲ ಈ ಮನುಷ್ಯನ ಮಾತನ್ನು ಈ ಮನುಷ್ಯನೇ ಮುಗಿಸಲಿ ಎಂದು ಬೇಡಿಕೊಂಡೆ.

ಮೊದಲ ಬೀಜ ಬಲಗಡೆಗೆ ಹೋಯಿತು. ಎರಡನೆಯದು ಹೋಯಿತು. ಅಲ್ಲಲ್ಲಿ ನಾಲಿಗೆ ನಿಂತಿತು, ಅವರು ಉಸಿರು ತೆಗೆದುಕೊಂಡು ಮುಂದೆ ಹೋದರು. ತುಪ್ಪದ ಬಟ್ಟಲಿನ ಮಾತು ಬಂದಾಗ ಜನ ನಕ್ಕರು. ಪಂಚೆಯ ಮಾತು ಬಂದಾಗ ಇನ್ನೂ ನಕ್ಕರು, ಮಾವ ಎದ್ದುನಿಂತು ಎಲ್ಲರಿಗೂ ಕೈಮುಗಿದರು. ಅಕ್ಕ ಶರ್ಟು ಹಿಡಿದು ಜಗ್ಗಿ ಕೂರಿಸಿದಳು. ಹನ್ನೊಂದನೆಯ ತುಂಡಿಗೆ ಬಂದಾಗ, "ಹೀಗೆ ಕೂತವನನ್ನು ಕರ್ನಲ್ ಎಬ್ಬಿಸಿ ಇನ್ನೊಂದು ಪ್ರೊ..." ಎಂದವರು ನಿಂತರು.

ನಿಂತೇಬಿಟ್ಟರು. ತುಟಿ ನಡುಗುತ್ತಿದೆ, ಕುತ್ತಿಗೆಯ ನರ ಉಬ್ಬಿದೆ, ಪದ ಬರುತ್ತಿಲ್ಲ. ನಮಗೆ ನಾಲ್ವರಿಗೂ ಆ ಪದ ಗೊತ್ತು! ಮಾವ ಪ್ಲಾಟ್‌ಫಾರ್ಮಿಗೆಲ್ಲ ಕೇಳುವಷ್ಟು ಉಸಿರು ಎಳೆದುಕೊಂಡರು. ಅಕ್ಕ ಅವರ ಕಾಲನ್ನು ಚಪ್ಪಲಿಯಿಂದ ತುಳಿದಳು. ಅಮ್ಮ ಸೆರಗಿನ ತುದಿಯನ್ನು ಬಾಯಿಗೆ ತುರುಕಿಕೊಂಡಳು. ನಾನು ನಾಲಿಗೆ ಕಚ್ಚಿಕೊಂಡೆ, ನಿಜವಾಗಿಯೂ ರಕ್ತ ಬಂತು. ಅಷ್ಟರಲ್ಲಿ ನಿರೂಪಕರು ಮೈಕು ಎತ್ತಿ, ಬಹಳ ಮರ್ಯಾದೆಯಿಂದ, ಕರಗಿಸುವ ಕಂಠದಲ್ಲಿ "ಪ್ರೊಸೆಸರಿಗೆ" ಎಂದರು.

ಭಾವ ಅವರ ಕಡೆ ತಿರುಗಿ ನೋಡಿದರು. ಬೀಜ ಎಡಗಡೆಯ ಜೇಬಿನಲ್ಲೇ ಇತ್ತು. ಜನರ ಕಡೆ ತಿರುಗಿದರು. ಹನ್ನೊಂದನೆಯ ತುಂಡನ್ನು ಮೊದಲಿಂದ ಶುರು ಮಾಡಿದರು.

ಮತ್ತೆ ಅದೇ ಜಾಗದಲ್ಲಿ ನಿಂತರು. ಮತ್ತೆ ನಿರೂಪಕರು "ಪ್ರೊಸೆಸರಿಗೆ" ಎಂದರು. ಈ ಸಲ ಅವರು ಕುರ್ಚಿಯಿಂದ ಅರ್ಧ ಎದ್ದಿದ್ದರು. ಭಾವ ಕೈ ಎತ್ತಿ ಅವರನ್ನು ತಡೆದು, ಮತ್ತೆ ಮೊದಲಿಂದ ಶುರು ಮಾಡಿದರು. ಜನರಲ್ಲಿ ಗುಸುಗುಸು ಎದ್ದಿತು. ಮ್ಯಾನೇಜರ್ ಹುಡುಗಿ ತಲೆ ತಗ್ಗಿಸಿದಳು. ಮೂರನೆಯ ಸಲ ಆ ಪದದ ಹತ್ತಿರ ಬಂದಾಗ ಭಾವ ನಿಲ್ಲಿಸಿದರು. ಅವರೇ ನಿಲ್ಲಿಸಿದರು.

"ಸ್ನೇಹಿತರೇ," ಎಂದರು, "ಈಗ ನೀವು ನೋ... ನೋಡಿದ್ರಲ್ಲ, ಇದೇ ನಾನು ಹೇಳಬೇಕು ಅಂತ ಬಂದಿದ್ದು. ಮಧ್ಯೆ ಯಾರೋ ಬಂದ್ರು. ಜಗಳ ಇಲ್ಲ. ನನ್ನಿಂದ ಆಗಲ್ಲ ಅಂತ ಕೂತ್ಕೊಳ್ಳೋದೂ ಇಲ್ಲ. ಮೊದಲಿಂದ. ಎಷ್ಟು ಸಲ ಆದ್ರೂ ಮೊದಲಿಂದ. ಆದ್ರೆ ಕೊನೆಯ ಹೆಜ್ಜೆ ನಂದೇ." ಮೈಕಿನ ಹತ್ತಿರ ಬಗ್ಗಿ, ಉಸಿರು ಬಿಟ್ಟು, ಸ್ಪಷ್ಟವಾಗಿ ಹೇಳಿದರು: "ಇನ್ನೊಂದು ಪ್ರೊಸೆಸರಿಗೆ ಕಳಿಸುತ್ತದೆ."

ಹನ್ನೊಂದನೆಯ ಬೀಜ ಬಲಗಡೆಯ ಜೇಬಿಗೆ ಹೋಯಿತು. ಅಬ್ಬಾ, ಆ ಚಪ್ಪಾಳೆ! ಮೊದಲು ತಟ್ಟಿದವರು ನಿರೂಪಕರೇ. ಕೈಯಲ್ಲಿದ್ದ ಮೈಕು ಆರಿಸಿ ಕೆಳಗಿಟ್ಟು, ಭಾಷಣದ ಪ್ರತಿಯನ್ನು ಮಡಿಚಿ ಜೇಬಿಗೆ ಹಾಕಿಕೊಂಡು ತಟ್ಟಿದರು. ಡೊಳ್ಳಿನವರು ಪಕ್ಕದಲ್ಲಿ ಕಾಯುತ್ತಿದ್ದರಲ್ಲ, ಅವರೂ ಎರಡು ಪೆಟ್ಟು ಬಾರಿಸಿಬಿಟ್ಟರು. ಮಾವ ಶಿಳ್ಳೆ ಹೊಡೆದರು, ಈ ಸಲ ಯಾರೂ ಅವರನ್ನು ತಡೆಯಲಿಲ್ಲ.

ಉಳಿದ ಒಂಬತ್ತು ಬೀಜಗಳು ಸಲ್ಲುವ ಹೊತ್ತಿಗೆ ನಿಗದಿಯಾದ ಇಪ್ಪತ್ತು ನಿಮಿಷ ಮೂವತ್ತೈದಾಗಿತ್ತು. ಯಾರೂ ಎದ್ದುಹೋಗಲಿಲ್ಲ, ಹೋಳಿಗೆಯ ವಾಸನೆ ಬರುತ್ತಿದ್ದರೂ! ಪ್ರಶ್ನೆ ಕೇಳಬಹುದು ಎಂದಾಗ ಹಿಂದಿನ ಸಾಲಿನಿಂದ ಒಬ್ಬ ತರುಣ ಎದ್ದ. "ಸರ್, ಕೊನೇ ಹೆಜ್ಜೆ ಆದ ತಕ್ಷಣವೇ ಕರ್ನಲ್ ಎಬ್ಬಿಸಿಬಿಟ್ರೆ? ಆಗ್ಲೂ ಮೊದಲಿಂದ ಮಾಡ್ಬೇಕಾ?"

ಭಾವ ಉತ್ತರಕ್ಕೆ ಬಾಯಿ ತೆರೆದರು. ಅಷ್ಟು ಹೊತ್ತು ಸೆರಗು ಕಚ್ಚಿ ಕೂತಿದ್ದ ನಮ್ಮಮ್ಮನಿಗೆ ಇನ್ನು ತಡೆಯಲಾಗಲಿಲ್ಲ. "ಅಯ್ಯೋ, ತುಪ್ಪ ಅನ್ನದ ಮೇಲೆ ಬಿದ್ದಾಯ್ತಲ್ಲಪ್ಪಾ! ಆಮೇಲೆ ಎಬ್ಬಿಸಿದ್ರೆ ಏನಂತೆ? ಮತ್ತೆ ಮೊದಲಿಂದ ಮಾಡಿದ್ರೆ ಎರಡು ಸಲ ತುಪ್ಪ ಬೀಳುತ್ತೆ, ಹಂಗೆ ಮಾಡ್ಬಾರ್ದು!" ಎಂದಳು.

ಭಾವ ಮೈಕಿನಲ್ಲಿ "ಉತ್ತರ ಸ... ಸರಿ ಇದೆ" ಎಂದರು. ಸಭೆ ಬಿದ್ದುಬಿದ್ದು ನಕ್ಕಿತು. ಊಟದ ಸಾಲಿನಲ್ಲಿ ಮ್ಯಾನೇಜರ್ ಹುಡುಗಿ ಬಂದು "ಅಜ್ಜಿ, ನೀವು ಯಾವ ಟೀಮು?" ಎಂದು ಕೇಳಿದಳು. ಅಮ್ಮ ಅವತ್ತಿನಿಂದ ನೆಲದ ಮೇಲೆ ನಡೆಯುತ್ತಿಲ್ಲ. ಆ ಹುಡುಗಿ ಭಾವನ ಹತ್ತಿರ ಹೋಗಿ, "ಸರ್, ಅವತ್ತು ನೀವು ಏನ್ ಹೇಳ್ತಿದ್ರಿ ಅಂತ ನಾನು ಕೇಳಿಸ್ಕೊಳ್ಳಲೇ ಇಲ್ಲ. ಸಾರಿ" ಎಂದಳು. ಭಾವ ನಕ್ಕು ತಮ್ಮ ಎಲೆಯ ಹೋಳಿಗೆಯನ್ನು ಅವಳ ಎಲೆಗೆ ಹಾಕಿದರು.

ಮಧ್ಯಾಹ್ನ ಕಾರಿನಲ್ಲಿ ವಾಪಸ್ಸು ಹೊರಟೆವು. ಭಾವ ಗಾಡಿ ಓಡಿಸುತ್ತಿದ್ದರು, ಪಕ್ಕದಲ್ಲಿ ಅಕ್ಕ, ಹಿಂದೆ ನಾವು ಮೂವರು. ಕೆಂಪಾಪುರ ದಾಟುವ ಮುಂಚೆಯೇ ಟ್ರಾಫಿಕ್ಕು ನಿಂತಿತು. ನಾವು ಮೂವರೂ ಒಟ್ಟಿಗೆ ಮಾತಾಡುತ್ತಿದ್ದೆವು, ಗೆದ್ದ ಹುಮ್ಮಸ್ಸು ನೋಡಿ. ಅಕ್ಕ ಮಾತ್ರ ಸುಮ್ಮನಿದ್ದಳು. ಅವಳು ಸುಮ್ಮನಿರುವುದು ಎಷ್ಟು ಅಪರೂಪವೆಂದರೆ ನಾವೂ ಒಬ್ಬೊಬ್ಬರಾಗಿ ಸುಮ್ಮನಾದೆವು.

"ರೀ," ಎಂದಳು ಅಕ್ಕ, ಎದುರಿನ ಬಸ್ಸು ನೋಡುತ್ತ. "ನನ್ನ ನೋಡೋಕೆ ಬಂದಿದ್ರಲ್ಲ, ಅವತ್ತು ಅಪ್ಪ ನಿಮಗೆ, ಹುಡುಗಿ ಹತ್ರ ಏನಾದ್ರೂ ಮಾತಾಡೋದಿದ್ರೆ ಮಾತಾಡಪ್ಪಾ ಅಂದ್ರು. ನೀವು ನನ್ ಕಡೆ ತಿರುಗಿ ಏನೋ ಹೇಳೋಕೆ ಹೊರಟ್ರಿ, ಬರ್ಲಿಲ್ಲ. ಅಪ್ಪ 'ಒಪ್ಪಿಗೆ ಅಂತೆ!' ಅಂದ್ಬಿಟ್ರು. ಎಲ್ಲಾ ನಕ್ಕು ತಟ್ಟೆ ಬದಲಾಯಿಸ್ಬಿಟ್ರು. ಅವತ್ತು ನೀವೇನ್ ಹೇಳೋಕೆ ಹೊರಟಿದ್ರಿ?"

ನನಗೆ ಆ ದಿನ ಚೆನ್ನಾಗಿ ನೆನಪಿದೆ. ನನಗಾಗ ಹದಿನೆಂಟು, ಬಾಗಿಲ ಹಿಂದೆ ನಿಂತಿದ್ದೆ. ಅಪ್ಪ "ಒಪ್ಪಿಗೆ" ಎಂದ ಕೂಡಲೇ ಎಲ್ಲರಿಗಿಂತ ಮುಂಚೆ ಚಪ್ಪಾಳೆ ತಟ್ಟಿದವಳು ನಾನೇ. ಇಪ್ಪತ್ತಾರು ವರ್ಷವಾಯಿತು. ಆ ಮಾತು ಏನಿತ್ತು ಎಂದು ನಮ್ಮಲ್ಲಿ ಒಬ್ಬರೂ ಅವರನ್ನು ಕೇಳಲಿಲ್ಲ. ನನಗೆ ನಾಚಿಕೆಯಾಯಿತು, ಕಾರಿನ ಸೀಟಿನಲ್ಲಿ ಕುಗ್ಗಿಹೋಗುವಷ್ಟು ನಾಚಿಕೆ.

ಭಾವ ಅಕ್ಕನ ಕಡೆ ತಿರುಗಿ "ನ..." ಎಂದರು. ಹಿಂದಿನ ಗಾಡಿಯವನು ಹಾರ್ನ್ ಹೊಡೆದ. ನಿಂತರು. ಮೊದಲಿಂದ ಶುರು ಮಾಡಿದರು. ಮತ್ತೆ ನಿಂತರು. ಈ ಸಲ ಅವರು ಹೇಳಬೇಕಾದ ಪದ ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅಮ್ಮ ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡಿದ್ದಳು.

"ನನಗೆ ಉಗ್ಗು ಇದೆ," ಎಂದರು ಭಾವ. "ನಾನು ಮಾತು ಮುಗಿಸೋವರೆಗೂ ನಿಮಗೆ ಕಾಯೋಕಾಗುತ್ತಾ ಅಂತ."

ಅವತ್ತು ಕೇಳಬೇಕೆಂದಿದ್ದ ಹಾಗೆಯೇ, 'ನಿಮಗೆ' ಎಂದೇ ಕೇಳಿದರು.

ಅಕ್ಕ ಉತ್ತರ ಹೇಳಲು ಬಾಯಿ ತೆರೆದಳು. ಒಂದೇ ಉಸಿರಿನಲ್ಲಿ ಮೂವರಿಗೆ ಮೂರು ಕೆಲಸ ಹೇಳುವ ನಮ್ಮಕ್ಕನಿಗೆ ಮಾತು ಹೊರಡಲಿಲ್ಲ. ಕಣ್ಣೊರೆಸಿಕೊಂಡು ಇನ್ನೊಂದು ಸಲ ಬಾಯಿ ತೆರೆದಳು, ಆಗಲೂ ಬರಲಿಲ್ಲ. ಮುಂದಿನ ಬಸ್ಸು ಹೊರಟಿತು, ಹಿಂದಿನವರೆಲ್ಲ ಸೇರಿ ಹಾರ್ನ್ ಒತ್ತಿದರು. ಭಾವ ಗಾಡಿ ಮುಂದೆ ಬಿಡಲಿಲ್ಲ. ಸ್ಟೀರಿಂಗಿನಿಂದ ಕೈ ತೆಗೆದು ಅವಳನ್ನೇ ನೋಡುತ್ತ ಕಾದರು. ನಾವು ಮೂವರೂ ಕಾದೆವು.

"ಆಗುತ್ತೆ" ಎಂದಳು ಅಕ್ಕ.